ಉಪ್ಪುಸೊಳೆಯಿಂದ ಓಆರ್‌ಎಸ್‌ವರೆಗೆ: ಕೋಶಪೊರೆ ದಾಟುವ ಲೆಕ್ಕ ಅಡುಗೆಮನೆಯಲ್ಲೇ ಕಲಿಯೋದು ಹೇಗೆ

ಮಳೆ ಹಿಡಿಯುವ ಮುಂಚೆ ಅಮ್ಮ ಬಲಿತ ಹಲಸಿನಕಾಯಿಯ ಸೊಳೆ ಬಿಡಿಸಿ ಭರಣಿಗೆ ತುಂಬುತ್ತಾರೆ. ಒಂದು ಪದರ ಸೊಳೆ, ಒಂದು ಹಿಡಿ ಕಲ್ಲುಪ್ಪು, ಮತ್ತೆ ಸೊಳೆ, ಮತ್ತೆ ಉಪ್ಪು, ಕೊನೆಗೆ ಬಾಳೆಎಲೆ ಮುಚ್ಚಿ ಮೇಲೊಂದು ಗುಂಡುಕಲ್ಲು. ಒಂದು ಹನಿ ನೀರೂ ಹಾಕುವುದಿಲ್ಲ. ಒಂದೆರಡು ದಿನ ಬಿಟ್ಟು ನೋಡಿದರೆ ಸೊಳೆ ನೀರಲ್ಲಿ ಮುಳುಗಿರುತ್ತದೆ. ನಾವು ಉಪ್ಪುಸೊಳೆ ಅಂತೀವಿ, ತುಳುವಿನಲ್ಲಿ ಉಪ್ಪಡ್ ಪಚ್ಚಿರ್.

ಕಳೆದ ವರ್ಷ ಮಗಳು ಫಸ್ಟ್ ಪಿಯುಸಿ. ವಿಸರಣೆ, ಅಭಿಸರಣೆ, ಸಕ್ರಿಯ ಸಾಗಣೆ ಅಂತ ಟೇಬಲ್ ಬರೆದುಕೊಂಡು ಬಾಯಿಪಾಠ ಮಾಡುತ್ತಿದ್ದಳು. ಉಡುಪಿಯ ಮನೆಗೆ ಹೋದಾಗ ಭರಣಿಯ ಮುಂದೆ ನಿಲ್ಲಿಸಿ, ಈ ನೀರು ಎಲ್ಲಿಂದ ಬಂತು ಹೇಳು ನೋಡೋಣ ಅಂದೆ. ಥಟ್ಟನೆ 'ಆಸ್ಮೋಸಿಸ್' ಅಂದಳು, ಅಂದರೆ ಅಭಿಸರಣೆ, ಪೊರೆ ದಾಟಿ ನೀರು ಉಪ್ಪು ಜಾಸ್ತಿ ಇರುವ ಕಡೆಗೆ ಹೋಗುವುದು. ಸರಿ. ಆಮೇಲೆ ಅವಳೇ ತಿರುಗಿ ಕೇಳಿದಳು: ಪೊರೆ ನೀರನ್ನು ಬಿಡುತ್ತೆ, ಉಪ್ಪನ್ನು ಬಿಡಲ್ಲ ಅಂತ ಓದಿದ್ದೇನೆ, ಹಾಗಾದ್ರೆ ಸೊಳೆಯ ಒಳಗೆಲ್ಲ ಉಪ್ಪು ಹೇಗೆ ಹೋಯ್ತು?

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಬಿಎಸ್ಸಿ ಮಾಡಿದವರಿಗೆ ಇದು ಸ್ವಲ್ಪ ನಾಚಿಕೆಯ ವಿಷಯವೇ. ಹಾಗಾಗಿ ಮಂಗಳೂರಿಗೆ ವಾಪಸಾದ ಮೇಲೆ ಮೂರು ಭಾನುವಾರ ಅಡುಗೆಮನೆಯನ್ನು ಲ್ಯಾಬ್ ಮಾಡಿಕೊಂಡು ಕೂತೆವು. ಹೇಗೆ ಮಾಡಿದೆವು, ಎಲ್ಲಿ ಎಡವಿದೆವು, ಎಲ್ಲ ಇಲ್ಲಿ ಬರೆದಿದ್ದೇನೆ.

ಒಂದು ವಿಷಯ ಮೊದಲೇ ಹೇಳಿಬಿಡ್ತೇನೆ. ಆ ಟೇಬಲ್ ಬೇಡ. ಯಾವ ವಸ್ತು ಬಂದರೂ ಎರಡೇ ಪ್ರಶ್ನೆ ಕೇಳಿ. ಇಳಿಜಾರು, ಅಂದರೆ ಆ ವಸ್ತು ಜಾಸ್ತಿ ಇರುವಲ್ಲಿಂದ ಕಡಿಮೆ ಇರುವಲ್ಲಿಗೆ ಹೋಗುವ ದಿಕ್ಕು, ಯಾವ ಕಡೆಗಿದೆ? ದಾಟಲು ಬಾಗಿಲು ಯಾವುದು? ಹೆಸರುಗಳೆಲ್ಲ ಇದರಿಂದ ತಾವಾಗಿ ಬರುತ್ತವೆ.

ಸಾಮಾನು

ಆಲೂಗಡ್ಡೆ, ಬೀಟ್‌ರೂಟ್, ಕೆಂಪು ಈರುಳ್ಳಿ, ಉಪ್ಪು, ಸಕ್ಕರೆ, ವಿನೆಗರ್, ಒಂದೆರಡು ಕೋಳಿಮೊಟ್ಟೆ, ಒಂದು ತೂಕದ ಯಂತ್ರ. ಅಡುಗೆಮನೆಯ ತಕ್ಕಡಿ 1 ಗ್ರಾಂಗಿಂತ ಕಡಿಮೆ ತೋರಿಸುವುದಿಲ್ಲ, ಆಲೂಗಡ್ಡೆಯ ತುಂಡೋ ನಾಲ್ಕೈದು ಗ್ರಾಂ, ಅದರಲ್ಲಿ ಆಗುವ ವ್ಯತ್ಯಾಸ ತಕ್ಕಡಿಗೆ ಗೊತ್ತೇ ಆಗುವುದಿಲ್ಲ. ಒಂದೊಂದನ್ನೇ ತೂಗಿ ಎಲ್ಲದಕ್ಕೂ ಒಂದೇ ಉತ್ತರ ಬಂದು ನಮ್ಮ ಮೊದಲ ಭಾನುವಾರ ಪೂರ್ತಿ ದಂಡವಾಯಿತು. ಹತ್ತು ತುಂಡುಗಳನ್ನು ಒಟ್ಟಿಗೆ ತೂಗಿ, ಅಥವಾ ಚಿನ್ನ ತೂಗುವಂಥ ಚಿಕ್ಕ ಪಾಕೆಟ್ ತಕ್ಕಡಿ ತನ್ನಿ.

ಮನೆಯಲ್ಲಿ ಮೊಟ್ಟೆ ಒಳಗೆ ಬರುವ ಹಾಗಿಲ್ಲ ಅನ್ನುವವರು ಆ ಹಂತ ಬಿಟ್ಟುಬಿಡಿ, ಒಣದ್ರಾಕ್ಷಿ ಸಾಕು. ಉಡುಪಿಯಲ್ಲಿ ಅರ್ಧ ಮನೆಗಳ ಕಥೆ ನನಗೆ ಗೊತ್ತಿಲ್ವಾ.

ಮೊದಲ ಹಂತ: ಪೊರೆ ಅಂದರೆ ಎಣ್ಣೆ

ಒಂದು ಬಟ್ಟಲು ನೀರಿಗೆ ಒಂದು ತೊಟ್ಟು ತೆಂಗಿನೆಣ್ಣೆ ಬಿಡಿ. ಪಕ್ಕದಲ್ಲಿ ಎಣ್ಣೆ ಬಟ್ಟಲಿಗೆ ಒಂದು ಚಿಟಿಕೆ ಉಪ್ಪು ಹಾಕಿ ಕಲಸಿ. ಉಪ್ಪು ಕರಗುವುದಿಲ್ಲ, ಎಷ್ಟು ಕಲಸಿದರೂ ತಳದಲ್ಲೇ ಕೂರುತ್ತದೆ. ಪೊರೆಯ ಅರ್ಧ ಪಾಠ ಅಲ್ಲೇ ಮುಗಿಯಿತು.

ಕೋಶಪೊರೆ ಅಂದರೆ ಎರಡು ಪದರ ಕೊಬ್ಬಿನ ಕಣಗಳು. ಪ್ರತಿ ಕಣಕ್ಕೂ ನೀರು ಇಷ್ಟಪಡುವ ತಲೆ, ನೀರು ಕಂಡರೆ ಆಗದ ಬಾಲ. ತಲೆಗಳು ಒಳಗೆ ಹೊರಗೆ ನೀರಿನ ಕಡೆ ಮುಖ ಮಾಡುತ್ತವೆ, ಬಾಲಗಳು ನಡುವೆ ಅಡಗುತ್ತವೆ. ಒಟ್ಟು ದಪ್ಪ 7ರಿಂದ 8 ನ್ಯಾನೊಮೀಟರ್, ಅಂದರೆ ಒಂದು ಮಿಲಿಮೀಟರಿನಲ್ಲಿ ಲಕ್ಷಕ್ಕೂ ಜಾಸ್ತಿ ಪೊರೆ ಪೇರಿಸಬಹುದು. ಎರಡೇ ಪದರ ಅಂತ ಗೊತ್ತಾದ ರೀತಿ ನನಗೆ ತುಂಬ ಇಷ್ಟ: 1925ರಲ್ಲಿ ಗೋರ್ಟರ್ ಮತ್ತು ಗ್ರೆಂಡೆಲ್ ಎಂಬ ಡಚ್ಚರು ಕೆಂಪು ರಕ್ತಕಣಗಳ ಕೊಬ್ಬನ್ನೆಲ್ಲ ತೆಗೆದು ನೀರ ಮೇಲೆ ಹರಡಿದರು. ಆ ರಕ್ತಕಣಗಳ ಹೊರಮೈಗೆ ಬೇಕಾದದ್ದರ ಸುಮಾರು ಎರಡು ಪಟ್ಟು ಜಾಗ ಮುಚ್ಚಿತು. ಅಷ್ಟೇ ಲೆಕ್ಕ.

ಹಾಗಾಗಿ ಎಣ್ಣೆಯಲ್ಲಿ ಕರಗುವವು ಮತ್ತು ತೀರಾ ಚಿಕ್ಕವು ಸುಮ್ನೆ ನುಸುಳುತ್ತವೆ. ಆಮ್ಲಜನಕ, ಇಂಗಾಲದ ಡೈಆಕ್ಸೈಡ್, ಮದ್ಯಸಾರ, ಸ್ಟೀರಾಯ್ಡ್ ಹಾರ್ಮೋನುಗಳು. ಇವುಗಳಿಗೆ ಬಾಗಿಲೇ ಬೇಡ, ಇಳಿಜಾರಿದ್ದರೆ ಸಾಕು. ಜಾಸ್ತಿ ಇರುವಲ್ಲಿಂದ ಕಡಿಮೆ ಇರುವಲ್ಲಿಗೆ ಹರಡುವುದಕ್ಕೆ ವಿಸರಣೆ ಅಂತ ಹೆಸರು. ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್ ತರಹ ವಿದ್ಯುತ್ ಹೊತ್ತವು, ಗ್ಲೂಕೋಸ್‌ನಂಥ ದೊಡ್ಡವು ಎಣ್ಣೆಯ ಮುಂದೆ ನಿಂತುಬಿಡುತ್ತವೆ.

ಎರಡನೇ ಹಂತ: ಬೀಟ್‌ರೂಟ್, ಮೂರು ಲೋಟ

ಕೆಂಪು ಹರಿವೆ ಸೊಪ್ಪು ತೊಳೆಯುವಾಗ ಗಮನಿಸಿದ್ದೀರಾ? ತೊಳೆದ ನೀರು ಹೆಚ್ಚುಕಮ್ಮಿ ಬಿಳಿಯಾಗೇ ಇರುತ್ತದೆ. ಅದೇ ಸೊಪ್ಪು ಬೇಯಿಸಿ, ನೀರು ಕೆಂಪಾಗಿಬಿಡುತ್ತದೆ. ಬಣ್ಣ ಎರಡೂ ಸಲ ಇತ್ತು, ಆದರೆ ಮೊದಲ ಸಲ ಬೀಗ ಹಾಕಿತ್ತು.

ಅದನ್ನೇ ಬೀಟ್‌ರೂಟ್‌ನಲ್ಲಿ ಮಾಡಿ. ಸಣ್ಣ ಚೌಕಗಳಾಗಿ ಹೆಚ್ಚಿ, ನಲ್ಲಿ ಕೆಳಗೆ ಚೆನ್ನಾಗಿ ತೊಳೆಯಿರಿ. ಕತ್ತಿಯ ಬಾಯಿಗೆ ಸಿಕ್ಕ ಕೋಶಗಳ ಬಣ್ಣ ಮೊದಲು ಹೋಗಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ಮೂರು ಗಾಜಿನ ಲೋಟ ಇಡಿ: ಒಂದಕ್ಕೆ ತಣ್ಣೀರು, ಇನ್ನೊಂದಕ್ಕೆ ಚಹಾ ಮಾಡುವಷ್ಟು ಬಿಸಿನೀರು, ಮೂರನೆಯದಕ್ಕೆ ತಣ್ಣೀರಲ್ಲಿ ಕರಗುವಷ್ಟು ಕಲ್ಲುಪ್ಪು. ಪ್ರತಿಯೊಂದಕ್ಕೂ ಐದೈದು ಚೌಕ ಹಾಕಿ.

ಬಿಸಿನೀರು ಐದು ನಿಮಿಷದಲ್ಲೇ ಕಡುಗೆಂಪು. ತಣ್ಣೀರು ಬಹಳ ಹೊತ್ತು ತಿಳಿಯಾಗೇ ಇರುತ್ತದೆ. ಉಪ್ಪುನೀರಿನ ಲೋಟ ನಮ್ಮಲ್ಲಿ ಮೊದಲು ಸುಮಾರಿಗೆ ತಣ್ಣೀರಿನ ಹಾಗೇ ಇತ್ತು, ಚೌಕಗಳು ಮಾತ್ರ ಮೆತ್ತಗಾಗತೊಡಗಿದವು. ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಅದೂ ಕೆಂಪು.

ಅಲ್ಲಿ ಮಗಳ ಪ್ರಶ್ನೆಗೆ ಉತ್ತರ ಸಿಕ್ಕಿತು. ಜೀವ ಇರುವವರೆಗೆ ಮಾತ್ರ ಪೊರೆ ಕಾವಲು ಕಾಯುತ್ತದೆ. ಭರಣಿಯಲ್ಲೂ ಮೊದಲು ಆಗುವುದು ನೀರು ಹೊರಬರುವುದು. ಅಷ್ಟು ಉಪ್ಪಿನ ನಡುವೆ ನೀರು ಕಳೆದುಕೊಂಡು ಕೋಶಗಳು ಸಾಯುತ್ತವೆ, ಪೊರೆ ಹರಿದುಹೋಗುತ್ತದೆ, ಆಮೇಲೆ ಉಪ್ಪು ಯಾರನ್ನೂ ಕೇಳದೆ ಒಳಗೆ ನುಗ್ಗುತ್ತದೆ. ಅಡುಗೆಗೆ ತೆಗೆಯುವಾಗ ಸೊಳೆಯನ್ನು ನೀರಲ್ಲಿ ನೆನೆಸಿ ಉಪ್ಪು ಬಿಡಿಸುತ್ತೇವಲ್ಲ, ಅದು ಬರೀ ವಿಸರಣೆ. ಒಂದೇ ಭರಣಿ, ಎರಡು ಬೇರೆ ಬೇರೆ ಕಥೆ. ಪರೀಕ್ಷೆಯಲ್ಲಿ ಉಪ್ಪಿನಕಾಯಿ ಅಂದ ತಕ್ಷಣ ಆಸ್ಮೋಸಿಸ್ ಅಂತ ಬರೆದು ಮುಂದೆ ಹೋಗುವವರೇ ಜಾಸ್ತಿ.

ಮೂರನೇ ಹಂತ: ಆಲೂಗಡ್ಡೆ, ಇದಕ್ಕೆ ಟೈಮ್ ಕೊಡಿ

ಒಂದೇ ಆಲೂಗಡ್ಡೆಯಿಂದ, ಸಿಪ್ಪೆ ತೆಗೆದು, ಒಂದೇ ಉದ್ದದ ಕಡ್ಡಿಗಳನ್ನು ಹೆಚ್ಚಿಕೊಳ್ಳಿ. ಐದು ಲೋಟ, ಪ್ರತಿಯೊಂದರಲ್ಲೂ 100 ಮಿಲಿ ನೀರು. ಉಪ್ಪು ಕ್ರಮವಾಗಿ 0, ಅರ್ಧ, 1, 2 ಮತ್ತು 5 ಗ್ರಾಂ. ಲೋಟದ ಮೇಲೆ ಪೆನ್ನಿನಲ್ಲಿ ಬರೆಯಿರಿ, ನೆನಪಿರುತ್ತದೆ ಅಂದುಕೊಳ್ಳಬೇಡಿ. ಕಡ್ಡಿಗಳ ಗುಂಪನ್ನು ತೂಗಿ, ಹಾಕಿ, ಎರಡು ಗಂಟೆ ಬಿಡಿ. ತೆಗೆದ ಮೇಲೆ ಬಟ್ಟೆಯಿಂದ ಒತ್ತದೆ ಮೆಲ್ಲಗೆ ಒರೆಸಿ ಮತ್ತೆ ತೂಗಿ. ಒರೆಸದಿದ್ದರೆ ಮೈಮೇಲಿನ ನೀರೂ ತೂಕಕ್ಕೆ ಬರುತ್ತದೆ, ಜೋರಾಗಿ ಒತ್ತಿದರೆ ಒಳಗಿನದ್ದೂ ಹೋಗುತ್ತದೆ.

ತೂಗುವ ಮುಂಚೆ ಕೈಯಲ್ಲಿ ಹಿಡಿದು ನೋಡಿ. ಬರೀ ನೀರಿನ ಕಡ್ಡಿ ಬಗ್ಗಿಸಿದರೆ ಟಕ್ ಅಂತ ಮುರಿಯುತ್ತದೆ. 5 ಗ್ರಾಂ ಲೋಟದ್ದು ಒದ್ದೆ ರಬ್ಬರ್ ಹಾಗೆ ಬೆರಳ ಮೇಲೆ ಜೋತುಬೀಳುತ್ತದೆ. ಇಷ್ಟು ನೋಡಿದ ಮೇಲೆ ಅಭಿಸರಣೆ ಮರೆಯುವುದಿಲ್ಲ, ನಂಬಿ.

ಉಪ್ಪು ಪೊರೆ ದಾಟಲಾರದು. ನೀರು ದಾಟಬಲ್ಲದು. ಉಪ್ಪು ಜಾಸ್ತಿ ಇದ್ದಲ್ಲಿ ನೀರಿನ ಪಾಲು ಕಡಿಮೆ, ಹಾಗಾಗಿ ನೀರಿಗೆ ಆ ಕಡೆಯೇ ಇಳಿಜಾರು. ತುಂಬ ಮಕ್ಕಳು ಉಪ್ಪಿನ ಇಳಿಜಾರು ನೋಡುತ್ತಾ ನೀರು ಹೋಗುವ ದಿಕ್ಕನ್ನು ತಿರುಗಾಮುರುಗಾ ಬರೆಯುತ್ತಾರೆ. ಯಾವುದು ನಡೆಯುತ್ತಿದೆಯೋ ಅದರ ಇಳಿಜಾರು ನೋಡಿ.

ತೂಕದ ವ್ಯತ್ಯಾಸವನ್ನು ಗ್ರಾಫ್‌ನಲ್ಲಿ ಹಾಕಿದರೆ ಗೆರೆ ಸೊನ್ನೆಯನ್ನು ದಾಟುವ ಜಾಗ 1 ಗ್ರಾಂ ಆಸುಪಾಸು ಸಿಗುತ್ತದೆ, ಆಲೂಗಡ್ಡೆ ಹಳತೋ ಹೊಸತೋ ಅನ್ನುವುದರ ಮೇಲೆ ಸ್ವಲ್ಪ ಆಚೀಚೆ. ಅಲ್ಲಿ ಒಳಗೂ ಹೊರಗೂ ಸಮ, ನೀರು ಎರಡೂ ಕಡೆ ಒಂದೇ ಪ್ರಮಾಣದಲ್ಲಿ ಓಡಾಡುತ್ತಿರುತ್ತದೆ. ನಿಂತುಹೋಗಿರುವುದಿಲ್ಲ, ಇದು ಮುಖ್ಯ. ಆಸ್ಪತ್ರೆಯ ಸಲೈನ್ ಬಾಟಲಿ ಮೇಲೆ 0.9% ಅಂತ ಬರೆದಿರುತ್ತಾರಲ್ಲ, ಅದು 100 ಮಿಲಿಗೆ 0.9 ಗ್ರಾಂ ಉಪ್ಪು. ನಮ್ಮ ರಕ್ತಕಣಗಳಿಗೆ ಸಮ ಬೀಳುವ ಲೆಕ್ಕ. ಶುದ್ಧ ನೀರನ್ನೇ ನರಕ್ಕೆ ಏರಿಸಿದರೆ ಕೆಂಪು ಕಣಗಳು ಊದಿ ಒಡೆಯುತ್ತವೆ. ಆಲೂಗಡ್ಡೆ ಒಡೆಯುವುದಿಲ್ಲ, ಅದಕ್ಕೆ ಪೊರೆಯ ಹೊರಗೆ ಗಟ್ಟಿ ಕೋಶಭಿತ್ತಿ ಇದೆ.

ಕಡಲ ತೀರದವರಿಗೆ ಆರನೇ ಲೋಟವೂ ಇದೆ. ಮಲ್ಪೆಯಿಂದಲೋ ಪಣಂಬೂರಿನಿಂದಲೋ ಒಂದು ಬಾಟಲಿ ಸಮುದ್ರದ ನೀರು ತನ್ನಿ. ತೆರೆದ ಸಮುದ್ರದಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು, ಅಂದರೆ ನಿಮ್ಮ ಲೆಕ್ಕದಲ್ಲಿ 3.5. ಕಡ್ಡಿ ಕುಗ್ಗಲೇಬೇಕು. ಅದೇ ನೀರನ್ನು ಮಳೆಗಾಲದಲ್ಲಿ ನೇತ್ರಾವತಿ, ಫಲ್ಗುಣಿ ತುಂಬಿ ಹರಿಯುವಾಗ ಬೆಂಗ್ರೆ ಅಳಿವೆಯ ಹತ್ತಿರ ತುಂಬಿಸಿದರೆ ಅಷ್ಟು ಉಪ್ಪಿರುವುದಿಲ್ಲ. ಆದರೆ ಮಳೆಗಾಲದಲ್ಲಿ ಅಳಿವೆ ಬದಿಗೆ ಇಳಿಯಬೇಡಿ, ಆಲೂಗಡ್ಡೆಗಾಗಿ ಅಷ್ಟೆಲ್ಲ ಬೇಡ.

ನಾಲ್ಕನೇ ಹಂತ: ಬೆತ್ತಲೆ ಮೊಟ್ಟೆ

ಹಸಿ ಮೊಟ್ಟೆ ತೂಗಿ, ಗಾಜಿನ ಪಾತ್ರೆಯಲ್ಲಿಟ್ಟು ಮುಳುಗುವಷ್ಟು ವಿನೆಗರ್ ಸುರಿಯಿರಿ. ಚಿಪ್ಪಿನಿಂದ ಗುಳ್ಳೆ ಏಳುತ್ತದೆ, ಅದು ಇಂಗಾಲದ ಡೈಆಕ್ಸೈಡ್. ಒಂದು ದಿನ ಬಿಟ್ಟು ವಿನೆಗರ್ ಬದಲಿಸಿ, ಇನ್ನೊಂದು ದಿನ ಇಡಿ. ನಂತರ ನಲ್ಲಿ ನೀರಲ್ಲಿ ಬೆರಳಿನಿಂದ ಮೆಲ್ಲಗೆ ಉಜ್ಜಿದರೆ ಉಳಿದ ಸುಣ್ಣ ಹೋಗುತ್ತದೆ. ಮೊದಲನೆಯದು ನನ್ನ ಉಗುರು ತಾಗಿ ಸಿಂಕ್‌ನಲ್ಲೇ ಒಡೆಯಿತು. ಅದಕ್ಕೇ ಎರಡು ಮೊಟ್ಟೆ ಇಟ್ಟುಕೊಳ್ಳಿ ಅಂದದ್ದು.

ಈಗ ಸಿಗುವುದು ಬೆಳಕಿಗೆ ಹಿಡಿದರೆ ಒಳಗಿನ ಹಳದಿ ತೇಲುವುದು ಕಾಣುವ, ಮೆತ್ತನೆ ಚೆಂಡು. ತೂಗಿ. ಚಿಪ್ಪು ಹೋದರೂ ತೂಕ ಜಾಸ್ತಿಯಾಗಿರುತ್ತದೆ, ವಿನೆಗರ್‌ನಲ್ಲಿ ಹೆಚ್ಚಿನದ್ದು ನೀರೇ ತಾನೇ. ಈಗ ಗಟ್ಟಿ ಸಕ್ಕರೆ ಪಾಕದಲ್ಲಿ, ತಣ್ಣಗಾದದ್ದು, ಒಂದು ರಾತ್ರಿ ಇಡಿ. ಬೆಳಿಗ್ಗೆ ನೋಡಿದರೆ ಸುಕ್ಕುಬಿದ್ದ ಚೀಲ, ಪಾಕದ ಮೇಲ್ಭಾಗ ನೀರುನೀರು. ಮತ್ತೆ ಬರೀ ನೀರಿಗೆ ಹಾಕಿ, ಸಂಜೆಯೊಳಗೆ ಉಬ್ಬಿಕೊಳ್ಳುತ್ತದೆ.

ಒಂದು ತಕರಾರು. ಈ ಪ್ರಯೋಗ ತೋರಿಸಿ ಇದೇ ಕೋಶಪೊರೆ ಅನ್ನುವವರಿದ್ದಾರೆ. ಅಲ್ಲ. ಚಿಪ್ಪಿನೊಳಗಿನ ಆ ಪೊರೆ ಪ್ರೋಟೀನ್ ಎಳೆಗಳ ನೇಯ್ಗೆ, ಅಲ್ಲಿ ಎಣ್ಣೆಯ ಎರಡು ಪದರ ಇಲ್ಲ. ನೀರನ್ನು ಬಿಟ್ಟು ದೊಡ್ಡ ಪ್ರೋಟೀನುಗಳನ್ನು ಹಿಡಿಯುವುದರಲ್ಲಿ ಕೋಶಪೊರೆಯ ಹಾಗೆ ನಡೆದುಕೊಳ್ಳುತ್ತದೆ, ಅಷ್ಟೇ. ನಿಜವಾದದ್ದು ಬೇಕಾದರೆ ಕೆಂಪು ಈರುಳ್ಳಿಯ ನೇರಳೆ ಸಿಪ್ಪೆಯ ತೆಳು ಪದರ ಎಳೆದು, ಕಾಲೇಜಿನ ಮೈಕ್ರೋಸ್ಕೋಪೋ ಕಾಗದದ ಫೋಲ್ಡ್‌ಸ್ಕೋಪೋ ಏನು ಸಿಗುತ್ತದೋ ಅದರಲ್ಲಿ ನೋಡಿ. ಅಂಚಿಗೆ ಒಂದು ಹನಿ ಉಪ್ಪುನೀರು ಬಿಟ್ಟರೆ ಸ್ವಲ್ಪ ಹೊತ್ತಿನಲ್ಲೇ ನೇರಳೆ ಭಾಗ ಕೋಶಭಿತ್ತಿಯಿಂದ ಬಿಟ್ಟು ನಡುವಿಗೆ ಮುದುಡಿಕೊಳ್ಳುತ್ತದೆ. ಪ್ಲಾಸ್ಮೋಲಿಸಿಸ್ ಇದೇ. ತಡಮಾಡದೆ ಶುದ್ಧ ನೀರು ಬಿಟ್ಟರೆ ಮತ್ತೆ ಅರಳುತ್ತದೆ.

ಐದನೇ ಹಂತ: ಕಿಂಡಿ ಮತ್ತು ದೋಣಿ

ಇಲ್ಲಿಂದ ಅಡುಗೆಮನೆಯಲ್ಲಿ ಮಾಡಿ ತೋರಿಸುವಂಥದ್ದು ಕಡಿಮೆ, ಊರನ್ನು ನೆನಪಿಸಿಕೊಂಡು ಅರ್ಥಮಾಡಿಕೊಳ್ಳಬೇಕು.

ಎಣ್ಣೆ ದಾಟಲಾರದವುಗಳಿಗೆ ಪೊರೆಯಲ್ಲಿ ಪ್ರೋಟೀನಿನ ಬಾಗಿಲುಗಳಿವೆ. ಒಂದು ಜಾತಿ ಕಿಂಡಿ. ತೆರೆದರೆ ಹರಿಯುತ್ತದೆ, ಮುಚ್ಚಿದರೆ ಇಲ್ಲ, ನಮ್ಮ ಕಿಂಡಿ ಅಣೆಕಟ್ಟಿನ ಹಲಗೆಯ ಹಾಗೆ. ನೀರು ಎಣ್ಣೆಯ ಮೂಲಕವೂ ನಿಧಾನಕ್ಕೆ ನುಸುಳುತ್ತದೆ, ಆದರೆ ಮೂತ್ರಪಿಂಡಕ್ಕೆ ಆ ವೇಗ ಎಲ್ಲಿ ಸಾಕು? ಅಲ್ಲಿ ಅಕ್ವಾಪೊರಿನ್ ಎಂಬ ನೀರಿನದೇ ಕಿಂಡಿಗಳಿವೆ. ಅವುಗಳನ್ನು ಕಂಡುಹಿಡಿದದ್ದಕ್ಕೆ ಪೀಟರ್ ಆಗ್ರೆ ಅವರಿಗೆ 2003ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಪೊಟ್ಯಾಸಿಯಂ ಕಿಂಡಿಯ ರಚನೆ ತೋರಿಸಿದ ರೊಡೆರಿಕ್ ಮೆಕಿನಾನ್ ಅವರ ಜೊತೆ ಹಂಚಿಕೆ.

ಇನ್ನೊಂದು ಜಾತಿ ದೋಣಿ. ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ಹೋಗುವ ದೋಣಿ ನೆನಪಿಸಿಕೊಳ್ಳಿ. ಹತ್ತು ಜನ ಇದ್ದರೆ ಬೇಗ ದಾಟಿಸುತ್ತದೆ. ಭಾನುವಾರ ಸಂಜೆ ದಡದ ತುಂಬ ಜನ ನಿಂತರೆ? ದೋಣಿಯ ಸೀಟು ಜಾಸ್ತಿಯಾಗುವುದಿಲ್ಲ, ದಾಟುವ ವೇಗ ಒಂದು ಮಟ್ಟಕ್ಕೆ ಹೋಗಿ ನಿಲ್ಲುತ್ತದೆ. ಗ್ಲೂಕೋಸ್ ಒಯ್ಯುವ ಪ್ರೋಟೀನುಗಳದ್ದೂ ಇದೇ ಹಣೆಬರಹ. ಗ್ರಾಫ್‌ನಲ್ಲಿ ಗೆರೆ ಮೇಲೇರಿ ಚಪ್ಪಟೆಯಾದರೆ ಅಲ್ಲಿ ದೋಣಿ ಇದೆ, ನೇರ ಏರುತ್ತಲೇ ಹೋದರೆ ಎಣ್ಣೆಯ ಮೂಲಕವೇ ದಾಟುತ್ತಿದೆ. ಈ ಗ್ರಾಫ್ ಕೇಳುವುದು ನೀಟ್‌ನವರಿಗೆ ಇಷ್ಟ.

ಕಿಂಡಿಯಾಗಲಿ ಇಂಥ ದೋಣಿಯಾಗಲಿ, ಇಳಿಜಾರಿನಲ್ಲೇ ಹೋಗುವುದು. ಖರ್ಚಿಲ್ಲ.

ಆರನೇ ಹಂತ: ಘಾಟಿ ಹತ್ತುವುದು

ಆಗುಂಬೆ ಘಾಟಿ ಇಳಿಯುವಾಗ ಬ್ರೇಕ್ ಸಾಕು. ಹತ್ತಬೇಕಾದರೆ ಡೀಸೆಲ್ ಸುಡಬೇಕು. ಕೋಶದ ಡೀಸೆಲ್ ಎಟಿಪಿ. ಹೀಗೆ ಶಕ್ತಿ ಸುಟ್ಟು ಇಳಿಜಾರಿಗೆ ಎದುರಾಗಿ ಸಾಗಿಸುವುದೇ ಸಕ್ರಿಯ ಸಾಗಣೆ.

ನಮ್ಮ ಕೋಶಗಳ ಹೊರಗೆ ಸೋಡಿಯಂ ಲೀಟರಿಗೆ ಸುಮಾರು 145 ಮಿಲಿಮೋಲ್ (ಕಣಗಳ ಸಂಖ್ಯೆ ಹೇಳುವ ಅಳತೆ), ಒಳಗೆ 12ರ ಹತ್ತಿರ. ಪೊಟ್ಯಾಸಿಯಂ ಹೊರಗೆ 4, ಒಳಗೆ 140. ಸುಮ್ನೆ ಬಿಟ್ಟರೆ ಇದು ಸಮವಾಗಿಬಿಡುತ್ತದೆ. ಹಾಗಾಗದಂತೆ ಒಂದು ಪಂಪ್ ಹಗಲು ರಾತ್ರಿ ಓಡುತ್ತದೆ: ಪ್ರತಿ ಎಟಿಪಿಗೆ ಮೂರು ಸೋಡಿಯಂ ಹೊರಗೆ, ಎರಡು ಪೊಟ್ಯಾಸಿಯಂ ಒಳಗೆ. ಡೆನ್ಮಾರ್ಕಿನ ಯೆನ್ಸ್ ಸ್ಕೌ 1957ರಲ್ಲಿ ಏಡಿಯ ನರಗಳಲ್ಲಿ ಇದನ್ನು ಕಂಡರು, ನೊಬೆಲ್ ಬಂದದ್ದು 40 ವರ್ಷ ಬಿಟ್ಟು, 1997ರಲ್ಲಿ. ಏಡಿ ಸಾರು ಉಣ್ಣುವಾಗ ಒಮ್ಮೆ ನೆನೆಸಿಕೊಳ್ಳಿ.

ಬಂಗುಡೆಯೂ ಇದೇ ಕೆಲಸ ಮಾಡುತ್ತದೆ. ಅದರ ರಕ್ತಕ್ಕಿಂತ ಸಮುದ್ರ ತುಂಬ ಉಪ್ಪು, ಹಾಗಾಗಿ ನೀರಿನ ನಡುವೆಯೇ ಮೀನಿನ ಮೈನೀರು ಸೋರುತ್ತಿರುತ್ತದೆ. ಅದು ಸಮುದ್ರದ ನೀರನ್ನೇ ಕುಡಿಯುತ್ತದೆ, ಜಾಸ್ತಿಯಾದ ಉಪ್ಪನ್ನು ಕಿವಿರಿನ ಕೋಶಗಳಿಂದ ಶಕ್ತಿ ಖರ್ಚುಮಾಡಿ ಹೊರಗೆ ದಬ್ಬುತ್ತದೆ. ಹೊಳೆಮೀನಿನದ್ದು ಉಲ್ಟಾ: ನೀರು ತಾನಾಗಿ ಒಳಗೆ ನುಗ್ಗುತ್ತದೆ, ಅದು ಹೆಚ್ಚುಕಮ್ಮಿ ಕುಡಿಯುವುದೇ ಇಲ್ಲ, ತೆಳು ಮೂತ್ರವಾಗಿ ಹೊರಹಾಕುತ್ತಲೇ ಇರುತ್ತದೆ.

ಏಳನೇ ಹಂತ: ಓಆರ್‌ಎಸ್‌ನಲ್ಲಿ ಸಕ್ಕರೆ ಯಾಕೆ?

ಭೇದಿಯಾದಾಗ ಕುಡಿಸುವ ಉಪ್ಪು-ಸಕ್ಕರೆ ನೀರು ಓಆರ್‌ಎಸ್. ಅದರಲ್ಲಿ ಸಕ್ಕರೆ ಹೆಚ್ಚಿನವರು ರುಚಿಗೆ ಅಂದುಕೊಂಡಿದ್ದಾರೆ. ಶಕ್ತಿಗೆ ಅನ್ನುವವರೂ ಇದ್ದಾರೆ. ಎರಡೂ ಮುಖ್ಯ ಕಾರಣ ಅಲ್ಲ.

ಪಂಪ್ ಸೋಡಿಯಂನ್ನು ಹೊರಹಾಕಿ ಇಳಿಜಾರು ಕಟ್ಟಿಟ್ಟಿದೆ ಅಲ್ವಾ. ಕರುಳಿನ ಗೋಡೆಯ ಕೋಶದಲ್ಲಿ ಒಂದು ವಿಶೇಷ ದೋಣಿ ಇದೆ. ಅದು ಸೋಡಿಯಂ ಮತ್ತು ಗ್ಲೂಕೋಸ್ ಇಬ್ಬರೂ ಹತ್ತಿದರೇ ಹೊರಡುವುದು. ಸೋಡಿಯಂ ಇಳಿಜಾರಿನಲ್ಲಿ ಒಳಗೆ ಜಾರುವ ರಭಸದಲ್ಲಿ ಗ್ಲೂಕೋಸನ್ನೂ ಎಳೆದುಕೊಂಡು ಬರುತ್ತದೆ. ಇಬ್ಬರೂ ಒಳಗೆ ಹೋದ ಮೇಲೆ ನೀರು ಹಿಂದೆಯೇ ಹೋಗುತ್ತದೆ. ದೋಣಿ ತಾನಾಗಿ ಎಟಿಪಿ ಸುಡುವುದಿಲ್ಲ, ಪಂಪ್ ಮೊದಲೇ ಸುಟ್ಟಿದ್ದರ ಲಾಭ ಪಡೆಯುತ್ತದೆ. ಅಮೆರಿಕದ ವಿಜ್ಞಾನಿ ರಾಬರ್ಟ್ ಕ್ರೇನ್ ಇದನ್ನು 1960ರಲ್ಲಿ ಪ್ರಾಗ್‌ನಲ್ಲಿ ಮಂಡಿಸಿದರು. ಕಾಲರಾ ಬಂದಾಗಲೂ ಈ ದೋಣಿ ಕೆಡುವುದಿಲ್ಲ, ಎಲ್ಲ ನಿಂತಿರುವುದು ಇದರ ಮೇಲೆ.

1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರ ನಡುವೆ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಕಾಲರಾ ಹಬ್ಬಿ ಸಲೈನ್ ಮುಗಿದುಹೋಗಿತ್ತು. ಡಾ. ದಿಲೀಪ್ ಮಹಲನಾಬಿಸ್ ಉಪ್ಪು, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿ ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. 30%ರ ಹತ್ತಿರ ಇದ್ದ ಸಾವು 4%ಕ್ಕಿಂತ ಕೆಳಗಿಳಿಯಿತು. ಅವರಿಗೆ ಪದ್ಮವಿಭೂಷಣ ಬಂದದ್ದು 2023ರಲ್ಲಿ, ತೀರಿಕೊಂಡ ಮೇಲೆ.

ಪ್ಯಾಕೆಟ್ ಇಲ್ಲದಿದ್ದರೆ ಮನೆ ಲೆಕ್ಕ: ಕುದಿಸಿ ಆರಿಸಿದ 1 ಲೀಟರ್ ನೀರು, ಸಮ ಮಾಡಿದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಇರಲಿ ಅಂತ ಇನ್ನೆರಡು ಚಮಚ ಸಕ್ಕರೆ ಹಾಕಬೇಡಿ. ಮೊಟ್ಟೆ ಪಾಕದಲ್ಲಿ ಏನಾಯಿತು ನೋಡಿದಿರಲ್ಲ, ಕರುಳಲ್ಲಿ ಸಕ್ಕರೆ ಜಾಸ್ತಿಯಾದರೆ ನೀರು ಮೈಯಿಂದ ಕರುಳಿಗೆ ಇಳಿಯುತ್ತದೆ, ಭೇದಿ ಹೆಚ್ಚುತ್ತದೆ. ಪ್ಯಾಕೆಟ್ಟಿನ ಸೂತ್ರದಲ್ಲೂ ಇದೇ ಕಾರಣಕ್ಕೆ 2002ರಲ್ಲಿ ಗ್ಲೂಕೋಸ್ ಮತ್ತು ಉಪ್ಪನ್ನು ಇಳಿಸಿದರು. ಈಗ ಗ್ಲೂಕೋಸ್ ಲೀಟರಿಗೆ 13.5 ಗ್ರಾಂ, ಉಪ್ಪು 2.6 ಗ್ರಾಂ.

ನಮ್ಮಲ್ಲಿ ಭೇದಿ ಅಂದರೆ ಮೊದಲು ಬೊಂಡ (ಎಳನೀರು) ಕೆತ್ತುತ್ತಾರೆ. ಬೊಂಡದಲ್ಲಿ ಪೊಟ್ಯಾಸಿಯಂ ಚೆನ್ನಾಗಿದೆ, ಸೋಡಿಯಂ ತೀರಾ ಕಡಿಮೆ. ಸೋಡಿಯಂ ಇಲ್ಲದೆ ಆ ದೋಣಿ ಹೊರಡುವುದಿಲ್ಲ. ಕುಡಿಯಲಿ, ಆದರೆ ಓಆರ್‌ಎಸ್ ಬದಲಿಗೆ ಬೇಡ. ಅಜ್ಜಿಯಂದಿರ ಉಪ್ಪು ಹಾಕಿದ ಗಂಜಿತಿಳಿ ಲೆಕ್ಕಕ್ಕೆ ಹೆಚ್ಚು ಹತ್ತಿರ, ಅಕ್ಕಿಯ ಪಿಷ್ಟ ಕರುಳಲ್ಲಿ ಒಡೆದು ಗ್ಲೂಕೋಸೇ ಆಗುತ್ತದೆ. ಮಗು ಸುಸ್ತಾಗಿ ಕುಡಿಯದೇ ಇದ್ದರೆ, ಕಣ್ಣು ಗುಳಿಬಿದ್ದಿದ್ದರೆ ಮನೆಯಲ್ಲಿ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ಉಳಿದದ್ದು

ಕಿಂಡಿಗೂ ದೋಣಿಗೂ ಹಿಡಿಸದಷ್ಟು ದೊಡ್ಡ ಸಾಮಾನಾದರೆ ಪೊರೆಯೇ ಗುಳಿಬಿದ್ದು ಅದನ್ನು ಚೀಲ ಕಟ್ಟಿ ಒಳಗೆ ಎಳೆಯುತ್ತದೆ. ಬಿಳಿ ರಕ್ತಕಣ ಬ್ಯಾಕ್ಟೀರಿಯಾ ನುಂಗುವುದು ಹೀಗೆ. ಇನ್ಸುಲಿನ್ ಹೊರಬರುವುದು ಇದರ ಉಲ್ಟಾ ದಾರಿಯಲ್ಲಿ. ಎರಡಕ್ಕೂ ಶಕ್ತಿ ಬೇಕು. ಇಷ್ಟು ಗೊತ್ತಿದ್ದರೆ ಸದ್ಯಕ್ಕೆ ಸಾಕು.

ಅಭ್ಯಾಸಕ್ಕೆ ಒಂದು ಪ್ರಶ್ನೆ, ಮಗಳಿಗೂ ಇದನ್ನೇ ಕೊಟ್ಟೆ. ಬೇಸಿಗೆಯ ಉಬ್ಬರದಲ್ಲಿ ಹೊಳೆಗೆ ಉಪ್ಪುನೀರು ನುಗ್ಗಿ, ಕಿಂಡಿ ಅಣೆಕಟ್ಟಿನ ಹಲಗೆ ಸೋರಿ ಗದ್ದೆಗೆ ಬಂತು. ಗದ್ದೆಯಲ್ಲಿ ನೀರು ನಿಂತಿದೆ, ಪೈರು ಮಾತ್ರ ಬಾಡಿದೆ. ಯಾವುದರ ಇಳಿಜಾರು ಯಾವ ಕಡೆಗೆ? ಬಾಗಿಲು ಯಾವುದು? ಎರಡು ಸಾಲಿನಲ್ಲಿ ಬರೆಯಬೇಕು, ಆಸ್ಮೋಸಿಸ್ ಅನ್ನುವ ಪದ ಬಳಸದೆ. ಅವಳು ಬರೆಯುವಷ್ಟರಲ್ಲಿ ನಾನು ಪ್ರಯೋಗಕ್ಕೆ ಹಾಕದೆ ಉಳಿದ ಆಲೂಗಡ್ಡೆ ಹೆಚ್ಚಿ ಪೋಡಿ ಕರಿದೆ. 5 ಗ್ರಾಂ ಲೋಟದ ಕಡ್ಡಿಗಳನ್ನೂ ಹಿಟ್ಟಿಗೆ ಅದ್ದಿ ನೋಡಿದೆ, ಹಾಗೆ ಮಾಡಬೇಡಿ, ಬಾಯಿಗಿಡಲಾಗದಷ್ಟು ಉಪ್ಪು.